ಕಪ್ಪು ಕಾರಿನ ಮೇಲಿನ ಮಬ್ಬು

ಮರುಭೂಮಿಯ ನಡುವಿನ ನಮ್ಮ ಗಣಿಯೂರು ಕೂಬರ್ ಪೀಡಿಯಲ್ಲೆಲ್ಲ ಕಪ್ಪು ಕಾರು ಇಟ್ಟುಕೊಂಡ ಧೈರ್ಯಶಾಲಿ ಒಬ್ಬನೇ, ಅವನು ನನ್ನ ಗೆಳೆಯ ಯೂರೆ. ನಮ್ಮೂರಿನ ಧೂಳು ಎಂಥದೆಂದರೆ, ಬೆಳಿಗ್ಗೆ ಅಂಗಳದಲ್ಲಿ ನಿಂತು ಬಾಯ್ತುಂಬ ಆಕಳಿಸಿದವನು ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಉಗುಳುತ್ತಾನೆ. ಬುದ್ಧಿ ಇದ್ದವರು ಇಲ್ಲಿ ಬಿಳಿ ಕಾರು ಕೊಳ್ಳುತ್ತಾರೆ. ಇನ್ನೂ ಹೆಚ್ಚು ಬುದ್ಧಿ ಇದ್ದವರು, ಅಂದರೆ ನನ್ನಂಥವರು, ಧೂಳಿನ ಬಣ್ಣದ್ದನ್ನೇ ಕೊಂಡು ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಯೂರೆ ಮಾತ್ರ ಗಣಿಯಲ್ಲಿ ಒಳ್ಳೆಯ ಓಪಲ್ ರತ್ನ ಸಿಕ್ಕ ವರ್ಷ ಅಡಿಲೇಡಿಗೆ ಹೋಗಿ, ಮಸಿಗಿಂತ ಕಪ್ಪಾದ, ಹಡಗಿಗಿಂತ ಉದ್ದವಾದ ಕಾರು ತಂದ. ಅದಕ್ಕೆಂದು ಮನೆಯ ಪಕ್ಕದಲ್ಲೇ ಗುಡ್ಡ ಕೊರೆದು ಗ್ಯಾರೇಜು ಮಾಡಿದ. ಬಿಸಿಲು ತಪ್ಪಿಸಲು ಇಲ್ಲಿ ಎಲ್ಲರೂ ಮಾಡುವಂತೆ ಅವನ ಮನೆಯೂ ಗುಡ್ಡದ ಒಳಗೇ ಇದೆ, ಆದರೆ ಅದರ ಎಲ್ಲ ಕೋಣೆಗಳನ್ನು ಒಟ್ಟು ಸೇರಿಸಿದರೂ ಆ ಗ್ಯಾರೇಜಿನ ಅರ್ಧ ಆಗುವುದಿಲ್ಲ. ಅವನ ಹೆಂಡತಿ ನೆವೆಂಕಾ ಇವತ್ತಿಗೂ ಅದನ್ನು ಸವತಿಯ ಮನೆ ಅನ್ನುತ್ತಾಳೆ.

ಆ ಮನೆಯ ಅಡುಗೆಮನೆಯಲ್ಲಿ ನನಗೆಂದೇ ಒಂದು ಕುರ್ಚಿ ಇದೆ. ಯೂರೆಯ ಮಗಳು ತಿಹಾನಾಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಮಗುವನ್ನು ಎತ್ತಿಕೊಂಡು ನಿಂತವನು ನಾನು. ನಮ್ಮ ಕ್ರೊಯೇಷಿಯಾದವರಲ್ಲಿ ಅಂಥವನು ಕೂಮ. ಕೂಮನನ್ನು ಯಾರೂ ಊಟಕ್ಕೆ ಕರೆಯಬೇಕಾಗಿಲ್ಲ, ಅವನು ಬಂದೇ ಇರುತ್ತಾನೆ. ಹಾಗಾಗಿ ಆ ಮನೆಯಲ್ಲಿ ನಡೆದ ಜಗಳಗಳಲ್ಲಿ ಒಂದನ್ನೂ ನಾನು ತಪ್ಪಿಸಿಕೊಂಡಿಲ್ಲ. ನೆವೆಂಕಾ ಮಾಡುವ ಸೂಪನ್ನಂತೂ ತಪ್ಪಿಸಿಕೊಂಡೇ ಇಲ್ಲ.

ಈ ಜಗಳ ಶುರುವಾದದ್ದು ಒಂದು ಬಾಟಲಿಯಿಂದ. ತಿಹಾನಾ ದಿನಸಿ ಅಂಗಡಿಯ ಕೌಂಟರಿನ ಕೆಲಸ ಬಿಟ್ಟಿದ್ದಳು. ದಿನವಿಡೀ ಟೊಮ್ಯಾಟೊ ತೂಗಿ ತೂಗಿ, ಕನಸಿನಲ್ಲೂ ತಕ್ಕಡಿ ಹಿಡಿದಿರುತ್ತೇನೆ ಅನ್ನುತ್ತಿದ್ದಳು. ಬಿಟ್ಟವಳೇ ಒಂದು ಬಕೀಟು, ಒಂದು ರಾಶಿ ಮೃದು ಬಟ್ಟೆ, ಮತ್ತು ಜಾಲಾಡಿಸಬೇಕಾಗಿಲ್ಲದ ಕಾರು ಸೋಪು ತರಿಸಿಕೊಂಡಳು. ಒಂದು ಬಕೀಟು ನೀರಿಗೆ ಒಂದು ಮುಚ್ಚಳ ಸೋಪು ಬೆರೆಸಬೇಕು, ಬಟ್ಟೆ ಅದ್ದಿ ಒರೆಸಬೇಕು, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಬೇಕು, ಮುಗಿಯಿತು. ಮೇಲೆ ನೀರು ಹೊಯ್ಯುವ ಹಾಗಿಲ್ಲ. ನಮ್ಮೂರಲ್ಲಿ ನೀರಿನ ಬೆಲೆ ಎಷ್ಟೆಂದರೆ, ಅಳು ಬಂದರೂ ಜನ ಲೋಟ ಹುಡುಕುತ್ತಾರೆ. ಇಂಥ ಊರಿಗೆ ಹೇಳಿ ಮಾಡಿಸಿದ ಸೋಪು ಇದು ಎಂದು ಅವಳ ವಾದ.

ಅವಳಪ್ಪನ ವಾದ ಬೇರೆ. ಆ ದಿನ ಹೊಗೆ ಹಾಕಿದ ಮಾಂಸ ಬೆರೆಸಿದ ಹುರುಳಿಕಾಯಿ ಬೀಜದ ಸೂಪು. ಯೂರೆ ಬ್ರೆಡ್ಡು ಅದ್ದುತ್ತ ಶುರು ಮಾಡಿದ.

"ಕೊಳೆ ಎಲ್ಲಿಗೆ ಹೋಗುತ್ತೆ, ಹೇಳು."

"ಬಟ್ಟೆಗೆ."

"ಸೋಪು?"

"ಅದೂ ಬಟ್ಟೆಗೇ, ಅಪ್ಪ."

"ನಿಮ್ಮಮ್ಮ ತಟ್ಟೆಗೆ ಸೋಪು ಹಚ್ಚಿ, ತೊಳೀದೆ ಒರೆಸಿ ಇಟ್ರೆ, ನೀನು ಅದ್ರಲ್ಲಿ ಉಣ್ತೀಯಾ?"

"ನಾನು ಕಾರಲ್ಲಿ ಉಣ್ಣಲ್ಲ."

"ಅವನು ಉಣ್ತಾನೆ," ಅಂದಳು ಯೂರೆಯ ತಾಯಿ ಕಾತಾ ಅಜ್ಜಿ. "ಮೊನ್ನೆ ಸೀಟಿನ ಸಂದಿಯಲ್ಲಿ ಅರ್ಧ ಸಾಸೇಜು ಸಿಕ್ತು."

ಅಲ್ಲಿಗೆ ಆ ದಿನದ ಮಾತು ಸಾಸೇಜಿನ ಕಡೆ ತಿರುಗಿತು. ಆದರೆ ಸೋಪು ಕಾರಿನ ಮೇಲೇ ಉಳಿಯುತ್ತದೆಂಬ ಯೂರೆಯ ಅನುಮಾನ ಊರಿಗೆಲ್ಲ ಹರಡಿತು, ಏಕೆಂದರೆ ಓಪಲ್ ಅಗೆಯುವವರಿಗೆ ಅಗೆತದ ಸುದ್ದಿ ಬಿಟ್ಟು ಉಳಿದೆಲ್ಲವನ್ನೂ ಹೇಳುವ ಚಟ. ಹೀಗೆ ಹರಡಿದ ಸುದ್ದಿ ಮೋಟೆಲ್ ನಡೆಸುವ ಎವ್ದೋಕಿಯಾಳ ಕಿವಿಗೂ ಬಿತ್ತು. ಅವಳ ಹತ್ತಿರ ಪ್ರವಾಸಿಗಳನ್ನು ಗಣಿ ತೋರಿಸಲು ಕರೆದೊಯ್ಯುವ ಕಡುನೀಲಿ ವ್ಯಾನುಗಳಿದ್ದವು. ಅವನ್ನು ತೊಳೆಯುವ ಕೆಲಸವನ್ನು ತಿಹಾನಾಗೆ ಕೊಡುವುದೆಂದು ಮಾತಾಗಿತ್ತು. ಅದೊಂದು ಕೆಲಸ ಸಿಕ್ಕರೆ ತಿಹಾನಾಳ ಕಸುಬು ನೆಲೆಯೂರಿದಂತೆ, ಸಿಗದಿದ್ದರೆ ಮತ್ತೆ ಟೊಮ್ಯಾಟೊ ತಕ್ಕಡಿ. ಎವ್ದೋಕಿಯಾ ಮನೆಗೇ ಬಂದು, ನಿಂತಲ್ಲೇ ಹೇಳಿದಳು: ಬಾಟಲಿಯನ್ನೂ ನಂಬುವುದಿಲ್ಲ, ಹುಡುಗಿಯನ್ನೂ ನಂಬುವುದಿಲ್ಲ, ಯೂರೆಯನ್ನಂತೂ ಹುಟ್ಟಿದಾಗಿನಿಂದ ನಂಬಿಲ್ಲ. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಆದ್ದರಿಂದ ತಿಹಾನಾ ಅಪ್ಪನ ಕಾರನ್ನು ವಾರ ವಾರ ಅದೇ ಸೋಪಿನಲ್ಲಿ ಒರೆಸಲಿ. ತಿಂಗಳ ಕೊನೆಯ ಭಾನುವಾರ ತಾನು ಚರ್ಚು ಮುಗಿಸಿ ಬಂದು ನೋಡುತ್ತೇನೆ.

ನೆವೆಂಕಾ ಕೂಡಲೇ ಆ ದಿನ ಊಟಕ್ಕೂ ಇಲ್ಲೇ ನಿಲ್ಲಬೇಕೆಂದಳು. ಎವ್ದೋಕಿಯಾ ಒಪ್ಪಿದಳು. ಸೋಪನ್ನು ಒಪ್ಪದವಳು ಸೂಪನ್ನು ಕೂಡಲೇ ಒಪ್ಪಿದಳು.

ಮೊದಲ ವಾರ ತಿಹಾನಾ ಒರೆಸಿದ ಮೇಲೆ ಆ ಕಾರು ಹೇಗೆ ಹೊಳೆಯಿತೆಂದರೆ, ಅದರ ಬಾಗಿಲಲ್ಲಿ ನೋಡಿಕೊಂಡು ನಾನು ಮೀಸೆ ಬೋಳಿಸಿದೆ, ಒಂದು ಗಾಯವೂ ಆಗಲಿಲ್ಲ. ಯೂರೆ ಕಲ್ಲು ಪರೀಕ್ಷಿಸುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಾನೆಟ್ಟಿನ ಮೇಲೆ ಬಗ್ಗಿ ಅಂಗುಲ ಅಂಗುಲ ಹುಡುಕಿದ. ಏನೂ ಸಿಗಲಿಲ್ಲ. ಆಮೇಲೆ ನಮ್ಮೂರಿನ ಯಾವ ಗಂಡಸಾದರೂ ಮಾಡುವುದನ್ನೇ ಅವನೂ ಮಾಡಿದ. ನಮಗೆ ಕಲ್ಲು ಕೈಗೆ ಬಂದರೆ ಮೊದಲು ನೆಕ್ಕಿ ನೋಡುವ ಅಭ್ಯಾಸ. ಒದ್ದೆಯಾದರೆ ಒಳಗಿನ ಬಣ್ಣ ಏಳುತ್ತದೆ. ಯೂರೆ ಕಾರನ್ನು ನೆಕ್ಕಿದ.

ಸೋಪಿನ ರುಚಿ ಇದೆಯೋ ಇಲ್ಲವೋ ಅವನಿಗೆ ಹೇಳಲಾಗಲಿಲ್ಲ, ಬೆಳಿಗ್ಗೆ ಬೆಳ್ಳುಳ್ಳಿ ತಿಂದಿದ್ದ. ನನ್ನನ್ನು ಕರೆದ. ನನ್ನ ನಾಲಿಗೆ ಈ ಭೂಖಂಡದಲ್ಲೇ ಹೆಸರುವಾಸಿ. ಕಣ್ಣು ಮುಚ್ಚಿ ನೆಕ್ಕಿ ಯಾವ ಗಣಿಯ ಕಲ್ಲೆಂದು ಹೇಳಬಲ್ಲೆ. ನೆಕ್ಕಿದೆ. ಒಂದು ಥರ ನಿಂಬೆ ಇದ್ದಂತಿದೆ ಎಂದೆ.

"ಬಾಟಲಿ ಮೇಲೆ ನಿಂಬೆಹಣ್ಣಿನ ಚಿತ್ರ ಇದೆ ಕೂಮ," ಅಂದಳು ತಿಹಾನಾ. "ಅದನ್ನ ನೋಡಿದೋರಿಗೆ ಟೈರು ನೆಕ್ಕಿದ್ರೂ ನಿಂಬೆನೇ."

ಅಷ್ಟೇ ಅಲ್ಲ, ನೆಕ್ಕಿದ ಎರಡು ಜಾಗಗಳು ಉಳಿದ ಕಾರಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಇದರಿಂದ ಏನು ತಿಳಿಯಬೇಕು ಎಂಬುದು ನಮಗಿಬ್ಬರಿಗೂ ತಿಳಿಯಲಿಲ್ಲ. ತಿಹಾನಾ ಅವನ್ನು ಮತ್ತೆ ಒರೆಸಿದಳು, ನಮ್ಮಿಬ್ಬರನ್ನೂ ಗ್ಯಾರೇಜಿನಿಂದ ಆಚೆ ಕಳಿಸಿದಳು.

ಎರಡನೇ ವಾರದಿಂದ ಯೂರೆ ಊಟಕ್ಕೆ ತಡವಾಗಿ ಬರತೊಡಗಿದ. ಗ್ಯಾರೇಜಿನ ಆಚೆಗೆ ಎಂದೋ ಕೊರೆದು ಬಿಟ್ಟಿದ್ದ ಒಂದು ಕೋಣೆ ಇತ್ತು, ಅದರ ಗೋಡೆಗಳು ಸದಾ ಪುಡಿ ಉದುರುತ್ತಿದ್ದವು. ಇಷ್ಟು ವರ್ಷ ಅದರ ಕಡೆ ತಲೆ ಹಾಕದವನು ಈಗ ಇದ್ದಕ್ಕಿದ್ದಂತೆ ಅದನ್ನು ಸರಿಮಾಡಲು ಕೂತ. ಇಲ್ಲಿ ಎಲ್ಲರೂ ಮನೆಗೆ ಮಾಡುವಂತೆ ಅಂಟನ್ನು ನೀರಿಗೆ ಕಲಸಿ ಪಂಪಿನಿಂದ ಗೋಡೆಗೆ ಸಿಂಪಡಿಸುತ್ತಿದ್ದ. ಒಣಗಿದರೆ ಗೋಡೆ ಪುಡಿ ಬಿಡುವುದಿಲ್ಲ. ತಣ್ಣಗಾದ ಸೂಪು ಮುಂದಿಟ್ಟಾಗಲೆಲ್ಲ ನೆವೆಂಕಾ ಅವನ ಕೋಣೆಯನ್ನು ಬೈದಳು.

ಅದೇ ವಾರ ಕಾರಿನ ಮೇಲೆ ಮಬ್ಬು ಕಾಣಿಸಿತು.

ಮೊದಲು ನೋಡಿದವಳು ಕಾತಾ ಅಜ್ಜಿ. ಅಜ್ಜಿಗೆ ಎದುರು ನಿಂತ ಮನುಷ್ಯ ಯಾರೆಂದು ಗೊತ್ತಾಗಲು ಅವನು ಕೆಮ್ಮಬೇಕು, ಆದರೆ ಸೊಸೆಯ ಗಾಜಿನ ಮೇಲಿನ ಕಲೆ ಮೈಲಿ ದೂರದಿಂದ ಕಾಣುತ್ತದೆ. ಕಾರು ಯಾಕೋ ಬೂದಿ ಬಳಿದುಕೊಂಡಂತಿದೆ ಎಂದಳು. ಎಲ್ಲರೂ ಹೋಗಿ ನೋಡಿದೆವು. ನಿಜ. ದೀಪ ಹಾಕಿದರೆ ಛಾವಣಿಯಿಂದ ಡಿಕ್ಕಿಯವರೆಗೆ ಹಾಲು ಕಲಸಿದ ನೀರು ಒಣಗಿದಂತೆ ತೆಳುವಾದ ಮಬ್ಬು. ಬೆರಳಾಡಿಸಿದರೆ ಸ್ವಲ್ಪ ಅಂಟಂಟು, ಸ್ವಲ್ಪ ಒರಟು.

ಯೂರೆ ಊಟದ ಮೇಜಿನಲ್ಲಿ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಅಂಗೈಯಲ್ಲಿ ಸವರಿ, ಮತ್ತೆ ಕೆಳಗಿಟ್ಟ. ತಿಹಾನಾ ಎದ್ದು ಹೋದಳು.

ಸೋಪು ಹೆಚ್ಚಾಗಿರಬೇಕೆಂದು ಅವಳು ಅರ್ಧ ಮುಚ್ಚಳ ಹಾಕಿ ಮತ್ತೆ ಒರೆಸಿದಳು. ಎರಡೇ ದಿನಕ್ಕೆ ಮಬ್ಬು ಮತ್ತೆ ಬಂತು. ಕಡಿಮೆಯಾಗಿರಬೇಕೆಂದು ಪೂರ್ತಿ ಮುಚ್ಚಳ ಹಾಕಿದಳು. ಆಗಲೂ ಬಂತು. ಬಟ್ಟೆಗಳದ್ದೇ ತಪ್ಪಿರಬೇಕೆಂದು ಎಲ್ಲವನ್ನೂ ಕುದಿಸಿದಳು. ಆ ದಿನ ನೆವೆಂಕಾ ಅನ್ನ ಬೇಯಿಸುವ ಪಾತ್ರೆಗಾಗಿ ಸಂಜೆಯವರೆಗೆ ಕಾದಳು. ಈ ನಡುವೆ ನೆವೆಂಕಾ ಯಾರಿಗೂ ಕಾಣದಂತೆ ಕಾರಿನ ಒಂದು ಪಕ್ಕಕ್ಕೆ ವಿನಿಗರ್ ಉಜ್ಜಿದಳು. ಕಾತಾ ಅಜ್ಜಿ ಯಾರಿಗೂ ಕಾಣದಂತೆ ಇನ್ನೊಂದು ಪಕ್ಕಕ್ಕೆ ಪ್ಲಮ್ ಬ್ರಾಂಡಿ ಉಜ್ಜಿದಳು, ಆ ಮನೆಯಲ್ಲಿ ಹಲ್ಲುನೋವಿನಿಂದ ಹಿಡಿದು ದುಃಖದವರೆಗೆ ಎಲ್ಲಕ್ಕೂ ಅದೇ ಮದ್ದು. ಇಬ್ಬರೂ ನನ್ನ ಕಿವಿಯಲ್ಲಿ ಹೇಳಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡರು. ನಾನು ಗುಟ್ಟು ಕಾಪಾಡುವುದರಲ್ಲಿ ಸಮಾಧಿಗಿಂತ ಗಟ್ಟಿ. ಸಂಜೆಯ ಕಾಫಿಯ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಮೂರನೇ ವಾರ ತಿಹಾನಾ ಪಂಥ ಕಟ್ಟಿದಳು. ಕಾರನ್ನೆಲ್ಲ ಚೊಕ್ಕಟ ಒರೆಸಿ, ಬಾನೆಟ್ಟಿನ ನಡುವೆ ಉದ್ದಕ್ಕೆ ಟೇಪು ಅಂಟಿಸಿದಳು. ಎಡಗಡೆ ತನ್ನ ಸೋಪು. ಬಲಗಡೆ ಅಪ್ಪನೇ ಬರಿಯ ನೀರಿನಲ್ಲಿ, ಎಷ್ಟು ಬೇಕೋ ಅಷ್ಟು ಹೊಯ್ದು ತೊಳೆಯಲಿ. ಯೂರೆ ನಾಣ್ಯ ಹಾಕಿದರೆ ನೀರು ಬಿಡುವ ಊರಿನ ಕೊಳಾಯಿಯಿಂದ ನೀರು ಹೊತ್ತು ತಂದು ಆ ಅರ್ಧ ಬಾನೆಟ್ಟಿಗೆ ಸಮುದ್ರವನ್ನೇ ಸುರಿದ. ಗುಡ್ಡದ ಬುಡದಲ್ಲಿ ಹುಲ್ಲು ಹುಟ್ಟಿತೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಮುಂದಿನ ದಿನಗಳಲ್ಲಿ ಯೂರೆ ಒಳಕೋಣೆಯ ಕೊನೆಯ ಗೋಡೆ ಮುಗಿಸಿದ. ಶನಿವಾರ ಬೆಳಿಗ್ಗೆ ಎಲ್ಲರೂ ಬಾನೆಟ್ಟಿನ ಮುಂದೆ ಸಾಲಾಗಿ ನಿಂತೆವು. ಎಡಗಡೆ ಮಬ್ಬು. ಬಲಗಡೆಯೂ ಅಷ್ಟೇ ಮಬ್ಬು.

ಆಮೇಲೆ ಆ ಮನೆಯಲ್ಲಿ ಯಾರು ಯಾವ ಪಕ್ಷ ಎಂದು ಹೇಳುವುದೇ ಕಷ್ಟವಾಯಿತು. ಸೋಪು ಎಡದಿಂದ ಬಲಕ್ಕೆ ದಾಟಿದೆ ಎಂದು ಯೂರೆ. ಟೇಪು ಹಾಕಿದ್ದೇನು ಬೇಲಿಯೇ, ದಾಟದೆ ಏನು ಎಂದು ಅಜ್ಜಿ. ಹಾಗಾದರೆ ನೀರಿನಲ್ಲೇ ಉಪ್ಪಿದೆ, ಇಷ್ಟು ವರ್ಷ ನಾವೂ ಅದನ್ನೇ ಕುಡಿಯುತ್ತಿದ್ದೇವೆ, ನಮ್ಮೊಳಗೂ ಹೀಗೇ ಮಬ್ಬು ಕೂತಿರಬೇಕು ಎಂದು ನೆವೆಂಕಾ ಹೆದರಿದಳು. ಅಜ್ಜಿ ಅವತ್ತಿನಿಂದ ನೀರು ಬಿಟ್ಟು ಬ್ರಾಂಡಿಗೆ ಹೋದಳು. ಸೋಪು ಉಳಿಯುತ್ತದೆ, ನೀರೂ ಉಳಿಯುತ್ತದೆ, ಏನೂ ಮಾಡದಿದ್ದರೆ ಧೂಳು ಉಳಿಯುತ್ತದೆ. ನಾನು ನನ್ನ ಅರವತ್ತು ವರ್ಷದ ಅನುಭವವನ್ನೆಲ್ಲ ಬಳಸಿ, ಇದು ಅಮಾವಾಸ್ಯೆಯ ಗಾಳಿಯ ದೋಷ ಎಂದು ತೀರ್ಪು ಕೊಟ್ಟೆ. ಯಾರೂ ಲಕ್ಷ್ಯ ಕೊಡಲಿಲ್ಲ.

ಆ ಮಧ್ಯಾಹ್ನ ನೆವೆಂಕಾ ಮರುದಿನದ ಊಟದ ಸಿಹಿಗೆ, ಸೇಬು ತುಂಬಿ ಸುತ್ತುವ ಸ್ಟ್ರೂಡೆಲ್ಲಿಗೆ, ಹಿಟ್ಟು ಹಾಳೆಯಂತೆ ಎಳೆಯುತ್ತಿದ್ದಳು. ತಿಹಾನಾ ಬಂದು ಬಾಗಿಲಲ್ಲಿ ನಿಂತಳು. ತಾನೇ ಹೋಗಿ ಎವ್ದೋಕಿಯಾಗೆ ಆ ಕೆಲಸ ಬೇಡವೆಂದು ಹೇಳಿಬಿಡುತ್ತೇನೆ ಎಂದಳು.

"ಸೋಪು ಉಳಿಯುತ್ತೆ ಅಂತಲಾ?" ಅಂದಳು ತಾಯಿ.

"ಉಳಿಯುತ್ತೋ ಇಲ್ವೋ ನಂಗೇ ಗೊತ್ತಿಲ್ಲಮ್ಮ. ಗೊತ್ತಿಲ್ದೆ ಇನ್ನೊಬ್ರ ಗಾಡಿ ಮುಟ್ಟೋದು ಹೇಗೆ?"

ನೆವೆಂಕಾ ಹಿಟ್ಟಿನ ಕೈಯಲ್ಲೇ ಚಾಕು ಅವಳ ಮುಂದೆ ತಳ್ಳಿದಳು. "ಸೇಬು ಹೆಚ್ಚು. ಅವಳು ಊಟಕ್ಕೆ ಬರ್ತಾಳೆ. ಉಂಡ ಮೇಲೆ ಹೇಳು. ಹಸಿದೋರ ಹತ್ರ ಯಾವ ಮಾತೂ ಆಡಬಾರದು."

ತಿಹಾನಾ ಸೇಬು ಹೆಚ್ಚಿದಳು. ಅಂಗಡಿಯವರು ಇನ್ನೂ ತನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲವಂತೆ ಎಂದಳು. ತಾಯಿ ಇನ್ನೊಂದು ಸೇಬು ಅವಳ ಮುಂದಿಟ್ಟಳು.

ಭಾನುವಾರ ಎವ್ದೋಕಿಯಾ ಚರ್ಚಿನಿಂದ ನೇರವಾಗಿ ಬಂದಳು, ಮೈತುಂಬ ಕಪ್ಪು ಉಡುಪು, ಅವಳು ಒಳಗೆ ಬಂದರೆ ಗುಡ್ಡವೇ ಇನ್ನೊಂದು ಗುಡ್ಡದೊಳಗೆ ಬಂದಂತೆ. ಮೊದಲು ಗ್ಯಾರೇಜಿಗೆ ಹೋದಳು. ಬಾಗಿಲ ಮೇಲೆ ಬೆರಳೆಳೆದಳು, ಬೆರಳನ್ನು ಹೆಬ್ಬೆರಳಿಗೆ ತಾಕಿಸಿ ಬಿಟ್ಟಳು, ತಾಕಿಸಿ ಬಿಟ್ಟಳು. ಕೈ ತೊಳೆದು ಮೇಜಿಗೆ ಬಂದಳು.

ಸೂಪು ಮುಗಿಯುವ ತನಕ ಎಲ್ಲರೂ ಹವೆಯ ಬಗ್ಗೆ ಮಾತಾಡಿದೆವು. ನಮ್ಮೂರಿನ ಹವೆ ಎಂದೂ ಬದಲಾಗುವುದಿಲ್ಲವಾದ್ದರಿಂದ ಮಾತು ಬೇಗ ಮುಗಿಯಿತು. ಕುರಿಮಾಂಸ ಬಂದಾಗ ಎವ್ದೋಕಿಯಾ ತಿಹಾನಾಳ ಕೈ ಮೇಲೆ ಕೈಯಿಟ್ಟಳು.

"ಮಗಾ, ನೀನು ಕೆಲಸಗಾತಿ. ಅದು ನಂಗೆ ಗೊತ್ತು. ಆದ್ರೆ ನನ್ನ ವ್ಯಾನಿಗೆ ಒರಗಿ ನಿಂತು ಜನ ಫೋಟೊ ತೆಗೆಸ್ಕೋತಾರೆ."

ತಿಹಾನಾ ತಲೆಯಾಡಿಸಿದಳು. ಯೂರೆ ಮೂಳೆಯಿಂದ ಮಾಂಸ ಬಿಡಿಸುವುದರಲ್ಲೇ ಇದ್ದ. ಮಾತು ನಿಂತುಬಿಟ್ಟದ್ದು ನೆವೆಂಕಾಗೆ ತಡೆಯಲಾಗಲಿಲ್ಲ. ಮಾಂಸಕ್ಕೆ ಹುಳಿ ಮೆಣಸಿನಕಾಯಿ ಇಲ್ಲದಿದ್ದರೆ ಹೇಗೆ, ಗ್ಯಾರೇಜಿನ ಹಲಗೆ ಮೇಲಿನ ಒಂದು ಜಾಡಿ ತಾ ಎಂದು ಮಗಳನ್ನು ಎಬ್ಬಿಸಿದಳು.

ತಿಹಾನಾ ತಂದಿಟ್ಟ ಜಾಡಿಯನ್ನು ಕಾತಾ ಅಜ್ಜಿ ಅಭ್ಯಾಸದಂತೆ ಏಪ್ರನ್ನಿನಲ್ಲಿ ಒರೆಸಿದಳು. ಒಮ್ಮೆ ಒರೆಸಿದಳು, ಕಣ್ಣಿನ ಹತ್ತಿರ ತಂದಳು, ಜೋರಾಗಿ ಒರೆಸಿದಳು.

"ಏನೇ, ನನ್ನ ಜಾಡಿಗಳನ್ನೂ ಅದೇ ಸೋಪಲ್ಲಿ ತೊಳೆದ್ಯಾ?"

"ಇಲ್ಲ ಅಜ್ಜಿ. ನಾನು ಆ ಹಲಗೆ ಮುಟ್ಟಿಲ್ಲ."

"ಮತ್ತೆ ಇದಕ್ಯಾಕೆ ಮಬ್ಬು?"

ಜಾಡಿ ಕೈಯಿಂದ ಕೈಗೆ ಹೋಯಿತು. ಎವ್ದೋಕಿಯಾ ಬೆರಳು ತಾಕಿಸಿ ಬಿಟ್ಟಳು. ನಾನು ನೆಕ್ಕಬೇಕೆಂದುಕೊಂಡೆ, ನೆವೆಂಕಾ ಗುರಾಯಿಸಿದಳು, ಪಕ್ಕಕ್ಕೆ ದಾಟಿಸಿದೆ. ತಿಹಾನಾ ಜಾಡಿಯನ್ನು ಅಪ್ಪನ ಮುಂದಿಟ್ಟಳು. ಯೂರೆ ಅದನ್ನು ನೋಡಲಿಲ್ಲ, ಬಿಳಿಯದೇನೋ ಒಣಗಿ ಕಚ್ಚಿದ್ದ ತನ್ನ ಉಗುರುಗಳನ್ನು ನೋಡಿಕೊಂಡ. ಎದ್ದು ಗ್ಯಾರೇಜಿಗೆ ಹೋದ. ಊಟ ಆರುವಷ್ಟು ಹೊತ್ತು ಬರಲೇ ಇಲ್ಲ. ಬಂದವನು ಕೂರಲೂ ಇಲ್ಲ.

"ಗೋಡೆ ಅಂಟು," ಅಂದ.

"ಯಾವ ಗೋಡೆ?" ನೆವೆಂಕಾ ಕೇಳಿದಳು.

"ಒಳಕೋಣೇದು. ಬಾಗಿಲಿಗೆ ಗೋಣಿ ಕಟ್ಟಿದ್ದೆ. ಗಾಳಿಕಿಂಡಿ ಕಾರಿನ ಮೇಲೆ ಇರೋದು ನೆನಪಾಗ್ಲಿಲ್ಲ. ಸಿಂಪಡಿಸಿದ್ದೆಲ್ಲ ಹೊಗೆ ಥರ ಈ ಕಡೆ ಬಂದಿದೆ."

"ಹತ್ತು ವರ್ಷ ಬಿಟ್ಟಿದ್ದ ಕೋಣೆ, ಈಗಲೇ ಯಾಕಪ್ಪ?" ಅಂದಳು ತಿಹಾನಾ.

ಯೂರೆ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಲ್ಲಿಂದ ಪುಡಿ ಹಾರಿ ಕಾರಿನ ಮೇಲೆ ಬೀಳ್ತಿತ್ತು. ಎವ್ದೋಕಿಯಾ ನೋಡೋಕೆ ಬರೋ ದಿನ ಬೀಳಬಾರದು ಅಂತ."

ಅದು ಕಾರಿನ ಮಾನಕ್ಕಾಗಿಯೋ ಮಗಳಿಗಾಗಿಯೋ ಎಂದು ಯಾರೂ ಕೇಳಲಿಲ್ಲ. ಕಾತಾ ಅಜ್ಜಿ ಮಾತ್ರ ತನ್ನ ಮಗ ಚಿಕ್ಕಂದಿನಲ್ಲೂ ಹೀಗೇ, ಬೆಕ್ಕಿಗೆ ಚಳಿಯೆಂದು ಒಲೆಯೊಳಗೆ ಮಲಗಿಸಿದ್ದ ಎಂದು ಎವ್ದೋಕಿಯಾಗೆ ವಿವರಿಸಿದಳು.

ಎವ್ದೋಕಿಯಾ ಫೋರ್ಕು ಕೆಳಗಿಟ್ಟಳು. ಹಾಗಾದರೆ ಸೋಪು ಉಳಿಯುವುದಿಲ್ಲ ಎಂದಾಯಿತೇ ಎಂದು ಕೇಳಿದಳು. ಎಲ್ಲರೂ ತಿಹಾನಾಳ ಕಡೆ ನೋಡಿದೆವು. ಆಗ ಅವಳು ಹೂಂ ಅಂದಿದ್ದರೆ ಕೆಲಸ ಸಿಕ್ಕಿಬಿಡುತ್ತಿತ್ತು. ನಾನಾಗಿದ್ದರೆ ಆ ಸೋಪಿನಿಂದ ಕುರುಡರಿಗೆ ಕಣ್ಣು ಬರುತ್ತದೆಂದೂ ಹೇಳುತ್ತಿದ್ದೆ.

"ಅದೂ ಗೊತ್ತಾಗಲ್ಲ," ಅಂದಳು ಹುಡುಗಿ. "ಈ ಕಾರಿಂದ ಈಗ ಏನೂ ಗೊತ್ತಾಗಲ್ಲ. ಅಂಟಿದೆ, ವಿನಿಗರ್ ಇದೆ, ಬ್ರಾಂಡಿ ಇದೆ, ಅಪ್ಪನ ಎಂಜಲಿದೆ. ನಿಮ್ಮ ಕಾರು ಹೊರಗೆ ನಿಂತಿದೆಯಲ್ಲ, ಅದನ್ನ ಒರೆಸ್ತೀನಿ. ಬಿಸಿಲಲ್ಲಿ, ನಿಮ್ಮೆದುರಿಗೇ."

ಸೇಬಿನ ಸ್ಟ್ರೂಡೆಲ್ ತಟ್ಟೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲರೂ ಹೊರಗೆ ಬಂದೆವು. ಎವ್ದೋಕಿಯಾಳ ಕಾರು ಮೊದಲು ಯಾವ ಬಣ್ಣದ್ದೆಂದು ಅವಳಿಗೇ ಮರೆತಿರಬೇಕು. ತಿಹಾನಾ ಬಕೀಟು ತಂದು ಒಂದು ಬಾಗಿಲನ್ನಷ್ಟೇ ಒರೆಸಿದಳು, ಒಣಗಿಸಿದಳು, ಹಿಂದೆ ಸರಿದಳು. ಧೂಳಿನ ನಡುವೆ ಆ ನೀಲಿ ಬಾಗಿಲು ಆಕಾಶ ಹರಿದು ಅಂಟಿಸಿದಂತಿತ್ತು. ಎವ್ದೋಕಿಯಾ ತಿರುಗಿ ನಿಂತು, ತನ್ನ ಭಾನುವಾರದ ಕಪ್ಪು ಉಡುಪಿನ ಬೆನ್ನನ್ನು ಆ ಬಾಗಿಲಿಗೆ ಒತ್ತಿ, ಎಡಕ್ಕೂ ಬಲಕ್ಕೂ ಉಜ್ಜಿದಳು. ಕಾರು ದೋಣಿಯಂತೆ ಓಲಾಡಿತು.

"ನೋಡಿ ಹೇಳಿ," ಅಂದಳು.

ಬೆನ್ನಿನ ಮೇಲೆ ಏನೂ ಇರಲಿಲ್ಲ. ಸೊಂಟದ ಹತ್ತಿರ ಮಾತ್ರ ಒಂದು ಬಿಳಿ ಗುರುತು. ಅದು ಸೋಪೇ ಎಂದು ಯೂರೆ ಬಾಯಿ ತೆರೆಯುವಷ್ಟರಲ್ಲಿ ನೆವೆಂಕಾ ಅದು ಸ್ಟ್ರೂಡೆಲ್ಲಿನ ಸಕ್ಕರೆಪುಡಿ ಎಂದಳು. ಮನೆಯ ಗೋಡೆಯದ್ದಿರಬೇಕು ಎಂದು ನಾನು. ಗೋಡೆಗೆ ಅಂಟು ಹಾಕಿದ್ದಾನಲ್ಲ, ಅದು ಪುಡಿ ಬಿಡುವುದಿಲ್ಲ ಎಂದು ಅಜ್ಜಿ. ಚರ್ಚಿನ ಬೆಂಚಿನದ್ದಿದ್ದರೂ ಇರಬಹುದು ಎಂದು ಎವ್ದೋಕಿಯಾ ತಾನೇ ಹೇಳಿ, ಅದನ್ನು ಕೊಡವಿಕೊಂಡಳು. ಆಮೇಲೆ ಅದು ಏನಾಗಿತ್ತೆಂದು ದೇವರಿಗೂ ಹೇಳಲಾಗದು.

"ಮಂಗಳವಾರ ಬಾ," ಅಂದಳು ತಿಹಾನಾಗೆ. "ಮೊದಲು ಒಂದು ವ್ಯಾನು. ವಾರ ಬಿಸಿಲಲ್ಲಿ ನಿಲ್ಸಿ ನೋಡ್ತೀನಿ. ಗೊತ್ತಿಲ್ಲ ಅಂದ್ಯಲ್ಲ, ಅದಕ್ಕೆ."

ಅವಳು ಒಂದು ಬಾಗಿಲು ನೀಲಿ, ಉಳಿದದ್ದೆಲ್ಲ ಧೂಳಿನ ಕಾರಿನಲ್ಲಿ ಹೋದಳು. ನೆವೆಂಕಾ ತಟ್ಟೆ ಒಟ್ಟುಮಾಡಿದಳು. ಯೂರೆ ಕಪ್ಪು ಕಾರನ್ನು ನಿಧಾನವಾಗಿ ಅಂಗಳಕ್ಕೆ ತಂದು ನಿಲ್ಲಿಸಿದ. ಬಿಸಿಲಿಗೆ ಅದು ಇನ್ನೂ ಕೆಟ್ಟದಾಗಿ ಕಂಡಿತು, ಹತ್ತು ವರ್ಷ ಕಾಯಿಲೆ ಮಲಗಿದ್ದ ತಿಮಿಂಗಿಲದ ಹಾಗೆ. ತೋಳು ಮಡಚಿಕೊಂಡು ಮಗಳ ಪಕ್ಕ ನಿಂತ.

"ನಿನ್ನ ಸೋಪಿಗೆ ಇದು ಹೋಗುತ್ತಾ?"

"ಇಲ್ಲಪ್ಪ. ಅಂಟು ನೆನೆದು ಮೆತ್ತಗಾಗ್ಬೇಕು."

"ಯಾವುದ್ರಲ್ಲಿ?"

ತಿಹಾನಾ ಬಾನೆಟ್ಟಿನ ಮೇಲೆ ಉಗುರು ಗೀರಿ ನೋಡಿದಳು.

"ನೀರಲ್ಲಿ," ಅಂದಳು. "ಬಿಸಿನೀರು. ತುಂಬಾ ಬೇಕು."

ಯೂರೆ ಬಾಯಿ ತೆರೆದ. ಅವನು ಏನು ಹೇಳಲಿದ್ದಾನೆಂದು ನನಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಕಿಟಕಿಯಲ್ಲಿ ನಿಂತ ಅಜ್ಜಿಗೂ ಗೊತ್ತಿತ್ತು. ನೀರು ಹೊಯ್ಯದೆ ಕಾರು ಚೊಕ್ಕಟವಾಗದು ಎಂಬ ಅದೊಂದು ಮಾತನ್ನೇ ಅವನು ಒಂದು ತಿಂಗಳಿಂದ ಹೇಳುತ್ತ ಬಂದಿದ್ದ. ಎಲ್ಲರೂ ಕಾದೆವು. ಅವನು ಬಾಯಿ ಮುಚ್ಚಿದ, ಎರಡು ಬಕೀಟು ಎತ್ತಿಕೊಂಡ, ಚರ್ಚಿಗೆ ಹಾಕಿದ್ದ ಅಂಗಿಯಲ್ಲೇ ಕೊಳಾಯಿಯ ಕಡೆ ನಡೆದ.